ವರ್ತಕರು ಕೊಟ್ಟ ಅಗ್ನಿನಂದಕ

ಪ್ರಶ್ನೆ: ಪೇಟೆಯ ವರ್ತಕರು ನಮ್ಮ ಊರಿನ ಮನೆಗಳಿಗೆ ಬೆಂಕಿ ನಂದಿಸುವ ಸಿಲಿಂಡರ್ ಹಾಗೂ ಹೊಗೆ ಸೂಚಕಗಳನ್ನು ಉಚಿತವಾಗಿ ಕೊಡುತ್ತಿದ್ದಾರೆ. ಸೌದೆ ಒಲೆಯ ಮನೆಗೆ ಇವು ಉಪಯುಕ್ತವೇ?
– ಓರ್ವ ಗೃಹಿಣಿ, ಶಿರಸಿ

ಉತ್ತರ: ಖಂಡಿತ ಉಪಯುಕ್ತ. ಕೊಟ್ಟಿಗೆಯಲ್ಲಿ ದರಕು (ಒಣಗಿದ ಎಲೆ), ಅಂಗಳದಂಚಿನಲ್ಲಿ ಒಣಗಿದ ಅಡಿಕೆ ಸಿಪ್ಪೆ ಇರುವ ನಮ್ಮ ಕಡೆಯ ಒಂಟಿ ಮನೆಗಳಿಗೆ ಅಗ್ನಿಶಾಮಕ ವಾಹನ ಕಾಡುದಾರಿಯಲ್ಲಿ ತಲುಪುವವರೆಗಿನ ನಿಮಿಷಗಳೇ ನಿರ್ಣಾಯಕವಾದ್ದರಿಂದ, ಈ ಕೊಡುಗೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಹೊಗೆ ಸೂಚಕವನ್ನು ಒಲೆಯ ಬಳಿ ಹಾಕಿದರೆ ಅದು ದಿನವಿಡೀ ಕೂಗುತ್ತದೆ, ಬೇಸತ್ತ ಮನೆಯವರು ಬ್ಯಾಟರಿಯನ್ನೇ ಕಿತ್ತಿಡುತ್ತಾರೆ. ಅದು ಮಲಗುವ ಕೋಣೆಯ ಹೊರಗಿರಲಿ. ಸಿಲಿಂಡರ್ ಎಬಿಸಿ ಪುಡಿಯದಾಗಿದ್ದು (ಕಟ್ಟಿಗೆಯಂಥ ಘನವಸ್ತು, ಉರಿಯುವ ದ್ರವ, ಅನಿಲ ಈ ಮೂರು ಬಗೆಯ ಬೆಂಕಿಗೂ ಬಳಸುವ ಪುಡಿ), ಐಎಸ್‌ಐ ಗುರುತು ಹೊಂದಿರಲಿ. ಒತ್ತಡಮಾಪಕದ ಮುಳ್ಳು ಹಸಿರು ಭಾಗದಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಹೊತ್ತಿದ ಎಣ್ಣೆಗೆ ನೀರು ಸುರಿಯಲೇಬಾರದು. ಮರುಭರ್ತಿಯ ಹೊಣೆ ಯಾರದೆಂದು ದಾನಿಗಳನ್ನು ಈಗಲೇ ಕೇಳಿಕೊಳ್ಳಿ.