ಅಮ್ಮನ ಬದಲು ಮಗ ಸಹಿ ಹಾಕಬಹುದೇ?

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಲಾಗಿದೆ.)

ಸರೋಜಕ್ಕನಿಗೆ 57. ಉಡುಪಿ ಕಡೆಯವರು, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಸ್ತನ ಕ್ಯಾನ್ಸರ್ ಮರುಕಳಿಸಿತ್ತು. ಮಾಮೂಲಿ ಕೀಮೋ ಜೊತೆ ಹೊಸ ಮಾತ್ರೆಯೊಂದನ್ನು ಸೇರಿಸಿ ನೋಡುವ ಮೂರನೇ ಹಂತದ ಟ್ರಯಲ್‌ಗೆ (ಹೊಸ ಮದ್ದನ್ನು ಬಹಳ ರೋಗಿಗಳಲ್ಲಿ ಮಾಮೂಲಿ ಚಿಕಿತ್ಸೆಯೊಂದಿಗೆ ಹೋಲಿಸಿ ನೋಡುವ ಪರೀಕ್ಷೆ) ಸೇರುತ್ತೀರಾ ಎಂದು ಮಂಗಳೂರಿನ ಡಾಕ್ಟರು ಕೇಳಿದ್ದರು. ಈ ವಿಷಯ ಮಾತಾಡಲು ನನ್ನ ಬಳಿಗೆ ಮೊದಲು ಬಂದದ್ದು ಮಗ.

"ಅಮ್ಮನಿಗೆ ಇದೆಲ್ಲ ಅರ್ಥ ಆಗುವುದಿಲ್ಲ ಮೇಡಂ, ನಾನೇ ಸಹಿ ಹಾಕ್ತೇನೆ. ಹೊಸ ಮದ್ದು ಅಲ್ವಾ, ಒಳ್ಳೆಯದೇ ಇರ್ತದೆ."

ಎರಡೂ ತಪ್ಪು. ಯೋಚಿಸಿ ನಿರ್ಧರಿಸಬಲ್ಲ ರೋಗಿಯ ಒಪ್ಪಿಗೆಯನ್ನು ಮಗ ಕೊಡುವ ಹಾಗಿಲ್ಲ. ಹೊಸದೇ ಮೇಲು ಎಂದು ಮೊದಲೇ ಗೊತ್ತಿದ್ದರೆ ಟ್ರಯಲ್ ಯಾಕೆ? ಎರಡು ಮದ್ದು ಬೇರೆ ಬೇರೆ ದಾರಿಯಲ್ಲಿ ಮೇಲೆ ಬಿದ್ದರೆ ರೋಗಕ್ಕೆ ತಪ್ಪಿಸಿಕೊಳ್ಳುವುದು ಕಷ್ಟ ಎಂಬ ಲೆಕ್ಕಾಚಾರ ಸರಿಯೇ. ಕ್ಷಯಕ್ಕೆ ಹಲವು ಮದ್ದು ಒಟ್ಟಿಗೆ ಕೊಡುವುದೂ ಅದಕ್ಕೇ. ಆದರೆ ಅಡ್ಡಪರಿಣಾಮಗಳೂ ಒಟ್ಟು ಸೇರಬಹುದು.

ಮುಂದಿನ ಸಲ ಸರೋಜಕ್ಕನೇ ಬಂದರು. ಮಾತು ತುಳುವಿಗೆ ತಿರುಗಿತು. ಕನ್ನಡದ ಮಾಹಿತಿ ಪತ್ರವನ್ನು, ಬೀಡಿ ಎಲೆ ಕತ್ತರಿಸಿ ಸವೆದ ಬೆರಳನ್ನು ಸಾಲಿನಡಿ ಇಟ್ಟು ಓದುತ್ತಾ ಹೋದವರು 'ಪ್ಲಸೀಬೊ' ಎಂಬಲ್ಲಿ ನಿಂತರು. "ಹುಸಿ ಮಾತ್ರೆ ಕೊಟ್ಟು ಸಾಯಲಿಕ್ಕೆ ಬಿಡ್ತಾರಾ?" ಮಗನಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ ನೋಡಿ. ಈ ಟ್ರಯಲ್‌ನಲ್ಲಿ ಕೀಮೋ ಎರಡೂ ಗುಂಪಿಗೆ ಇದೆ. ಜೊತೆಗಿನ ಮಾತ್ರೆ ಅಸಲಿಯೋ ಹುಸಿಯೋ ಎಂಬುದು ಲಾಟರಿ ಎತ್ತಿದ ಹಾಗೆ, ಡಾಕ್ಟರಿಗೂ ತಿಳಿದಿರುವುದಿಲ್ಲ ಎಂದೆ.

ಸಹಿಗೆ ಅವಸರ ಬೇಡ, ಪತ್ರ ಮನೆಗೆ ಒಯ್ಯಿರಿ ಎಂದು ಹೇಳಿದೆ. ಸೇರದಿದ್ದರೆ ಯಾವ ಚಿಕಿತ್ಸೆ, ಹೆಚ್ಚಿನ ಸ್ಕ್ಯಾನ್ ಎಷ್ಟು, ಬಸ್ಸಿನ ಖರ್ಚು ಯಾರದ್ದು, ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನು ಡಾಕ್ಟರ ಹತ್ತಿರ ಕೇಳಲೇಬೇಕು. 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಟ್ರಯಲ್‌ನಿಂದಲೇ ಆದ ಹಾನಿಗೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಇವೆ. ಯಾವಾಗ ಬೇಕಾದರೂ ಹೊರಬರಬಹುದು, ಬಂದರೂ ಮಾಮೂಲಿ ಚಿಕಿತ್ಸೆ ಸಿಗಬೇಕು.

ಏಳುವಾಗ ಮೆಲ್ಲ ಹೇಳಿದರು: "ಪಂಡಿತರ ಕಷಾಯ ಕುಡೀತಿದ್ದೇನೆ. ಡಾಕ್ಟರಿಗೆ ಹೇಳಲಿಲ್ಲ."

ನನಗೆ ನಿಜವಾಗಿ ದಿಗಿಲಾದದ್ದು ಇಲ್ಲಿ. ಎರಡು ಮದ್ದಿನ ಪರೀಕ್ಷೆಗೆ ಗುಟ್ಟಾಗಿ ಮೂರನೆಯದು ಸೇರಿದರೆ ಲಿವರ್ ಕೆಟ್ಟರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ಗದರಲಿಲ್ಲ. ಬಾಟಲಿಯನ್ನೇ ಒಯ್ದು ಡಾಕ್ಟರಿಗೆ ತೋರಿಸಿ ಎಂದೆ.

ತೋರಿಸಿದರು. ಕಷಾಯ ನಿಲ್ಲಿಸಿ, ಲಿವರ್ ಪರೀಕ್ಷೆ ಮಾಡಿಸಿ ಬನ್ನಿ ಎಂದು ಡಾಕ್ಟರು ಹೇಳಿದರಂತೆ. ಸೇರುವ ವಿಷಯ ಸರೋಜಕ್ಕ ಇನ್ನೂ ತೀರ್ಮಾನಿಸಿಲ್ಲ. ಮಗ ಫೋನ್ ಮಾಡಿ, "ನೀವೇ ಸ್ವಲ್ಪ ಒತ್ತಾಯ ಮಾಡಿ ಮೇಡಂ" ಎಂದ. ಅದು ನನ್ನ ಕೆಲಸವಲ್ಲ ಎಂದೆ.