ಒಂದೇ ಆಫೀಸಿನಲ್ಲಿ ಒಬ್ಬರಿಗೆ ರಾಜಕೀಯ ಕಾಣುತ್ತದೆ, ಇನ್ನೊಬ್ಬರಿಗೆ ಕಾಣುವುದಿಲ್ಲ, ಏಕೆ?

ನಿರ್ಧಾರ ಹೇಗಾಯಿತು ಎಂಬುದು ಒಬ್ಬರಿಗೆ ಗೊತ್ತಿರುತ್ತದೆ, ಇನ್ನೊಬ್ಬರಿಗೆ ಇರುವುದಿಲ್ಲ. ವ್ಯತ್ಯಾಸ ಮುಖ್ಯವಾಗಿ ಅಲ್ಲಿಂದಲೇ ಹುಟ್ಟುತ್ತದೆ.

ಅಪ್ರೈಸಲ್ ಮುಗಿದು ಪಕ್ಕದ ಸೀಟಿನವರಿಗೆ ಬಡ್ತಿ ಸಿಕ್ಕಿತು ಎನ್ನಿ. ಮಾನದಂಡ ಏನೆಂದು ಮೊದಲೇ ಹೇಳಿದ್ದರೆ, ಬೇಸರವಾದರೂ ಲೆಕ್ಕ ಅರ್ಥವಾಗುತ್ತದೆ. ಹೇಳದಿದ್ದರೆ ಮನಸ್ಸು ತಾನೇ ಕಾರಣ ಹುಡುಕಿಕೊಳ್ಳುತ್ತದೆ: ‘ಮ್ಯಾನೇಜರ್ ಜೊತೆ ದಿನಾ ಕಾಫಿಗೆ ಹೋಗುತ್ತಿದ್ದರಲ್ಲ!’ ಆ ಊಹೆ ನಿಜವಿರಬಹುದು, ಸುಳ್ಳೂ ಇರಬಹುದು. ನಂಬಿದವರು ಮಾತ್ರ ಮೀಟಿಂಗಿನಲ್ಲಿ ಬಾಯಿ ಬಿಡುವುದನ್ನು ಕಡಿಮೆ ಮಾಡುತ್ತಾರೆ, ಬೇರೆ ಕೆಲಸ ಹುಡುಕಲು ಶುರುಮಾಡುತ್ತಾರೆ. ಸಂಶೋಧಕರು ‘ಇಲ್ಲಿ ರಾಜಕೀಯ ನಡೆಯುತ್ತಿದೆ’ ಎಂಬ ಈ ಗ್ರಹಿಕೆಯನ್ನೇ ಅಳೆಯುವುದು ಅದಕ್ಕೇ. 1991ರಲ್ಲಿ ಅಮೆರಿಕದ ಮಿಶೆಲ್ ಕ್ಯಾಕ್ಮಾರ್ ಮತ್ತು ಜೆರಾಲ್ಡ್ ಫೆರಿಸ್ ಪ್ರಕಟಿಸಿದ ಪ್ರಶ್ನಾವಳಿ ಮೂರು ಸಂಗತಿ ನೋಡುತ್ತದೆ: ಸ್ವಾರ್ಥಕ್ಕಾಗಿ ಗುಂಪುಗಾರಿಕೆ ಇದೆಯೇ, ತಲೆಯಾಡಿಸಿ ಸುಮ್ಮನಿದ್ದವರಿಗೇ ಲಾಭವೇ, ಸಂಬಳ-ಬಡ್ತಿ ಕಾಗದದಲ್ಲಿರುವ ನಿಯಮದಂತೆ ನಡೆಯುತ್ತದೆಯೇ.

ಹೆಚ್ಚು ನೋಯಿಸುವುದು ಮೂರನೆಯದು ಎಂದು ನನ್ನ ಭಾವನೆ. ‘ನೀವು ತುಂಬಾ ಸೂಕ್ಷ್ಮ’ ಎಂದು ಇದನ್ನು ತಳ್ಳಿಹಾಕುವುದು ಅನ್ಯಾಯ. ನಿರ್ಧಾರವಾಗುವ ಕೋಣೆಯಿಂದ ದೂರವಿದ್ದವರಿಗೆ ಊಹಿಸುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ನಿಮಗೂ ಅನುಮಾನವಿದ್ದರೆ, ಯಾವ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಂಡರು ಎಂದು ಮ್ಯಾನೇಜರನ್ನು ನೇರವಾಗಿ ಕೇಳಿ.