ಸೈತಾನ್ ಕ್ಲಬ್ ವಿರುದ್ಧದ ಅರ್ಜಿಗೆ ಹಿಂದೂಗಳಾದ ನಾವು ಸಹಿ ಹಾಕಬೇಕಾ?

ಪ್ರಶ್ನೆ: ಪೆನ್ಸಿಲ್ವೇನಿಯಾದಲ್ಲಿದ್ದೇವೆ. ಮಗನ ಎಲಿಮೆಂಟರಿ ಸ್ಕೂಲಿನಲ್ಲಿ ‘ಆಫ್ಟರ್ ಸ್ಕೂಲ್ ಸೇಟನ್ ಕ್ಲಬ್’ ಶುರುವಾಗುತ್ತದಂತೆ. ಅಕ್ಕಪಕ್ಕದ ಪೋಷಕರೆಲ್ಲ ವಿರೋಧದ ಅರ್ಜಿಗೆ ಸಹಿ ಹಾಕುತ್ತಿದ್ದಾರೆ. ದೇವರನ್ನು ನಂಬುವ ಕುಟುಂಬ ನಮ್ಮದು. ಸಹಿ ಹಾಕಬೇಕಾ, ಸುಮ್ಮನಿರಬೇಕಾ?

ಉತ್ತರ:

ಹಾಕಬೇಡಿ. ನಾನು ಹಾಕಿದ್ದೆ. ಸಾಲದು ಅಂತ ಸ್ಕೂಲ್ ಬೋರ್ಡ್ ಮೀಟಿಂಗಿನಲ್ಲಿ ಮೈಕ್ ಮುಂದೆ ನಿಂತು ಮಾತನ್ನೂ ಆಡಿದ್ದೆ. ಸೈತಾನ್ ಕ್ಲಬ್ ಏನೋ ಬರಲಿಲ್ಲ. ಅದರ ಜೊತೆಗೇ ನಮ್ಮ ಕನ್ನಡ ಕ್ಲಾಸೂ ಹೋಯಿತು.

ನಮ್ಮದು ಬೇರೆ ರಾಜ್ಯ, ಸಣ್ಣ ಊರು. ಬೆರಳೆಣಿಕೆಯಷ್ಟು ಕನ್ನಡದ ಮನೆಗಳು. ಭಾನುವಾರ ಬೆಳಿಗ್ಗೆ ಸರ್ಕಾರಿ ಶಾಲೆಯ ಕೋಣೆಗಳನ್ನು ಬಾಡಿಗೆಗೆ ಹಿಡಿದು ಮಕ್ಕಳಿಗೆ ಕಾಗುಣಿತ ಕಲಿಸುತ್ತಿದ್ದೆವು. ಬಾಡಿಗೆ ತೀರಾ ಕಡಿಮೆ. ಗಣೇಶನ ಹಬ್ಬಕ್ಕೂ ಅದೇ ಶಾಲೆಯ ಕೆಫೆಟೇರಿಯಾ. ಒಳಗೆ ಬೆಂಕಿ ಹಚ್ಚುವಂತಿಲ್ಲ, ಹಾಗಾಗಿ ಬ್ಯಾಟರಿ ದೀಪದಲ್ಲೇ ಮಂಗಳಾರತಿ. ಆಮೇಲೆ ಕೋಸಂಬರಿ, ಪುಳಿಯೋಗರೆ. ವರ್ಷಗಟ್ಟಲೆ ಯಾರೂ ಒಂದು ಮಾತು ಕೇಳಿರಲಿಲ್ಲ.

ಆಗ ನಿಮಗೆ ಬಂದಂಥದ್ದೇ ಕರಪತ್ರ ನಮಗೂ ಬಂತು. ಊರಿಂದ ಬಂದಿದ್ದ ಅಮ್ಮ ಅದರ ಮೇಲಿನ ಚಿತ್ರ ನೋಡಿ, ‘ಇಲ್ಲಿ ಮಕ್ಕಳಿಗೆ ದೆವ್ವದ ಪಾಠಾನೂ ಹೇಳ್ಕೊಡ್ತಾರೇನೋ’ ಅಂದರು. ಅಷ್ಟು ಸಾಕಾಯಿತು ನನಗೆ.

ಮೀಟಿಂಗಿನಲ್ಲಿ ನಾನು ಹೇಳಿದ್ದು ಇಷ್ಟು: ‘ಸರ್ಕಾರಿ ಶಾಲೆಯ ಕಟ್ಟಡದಲ್ಲಿ ಯಾವ ಧರ್ಮವೂ ಬೇಡ. ಎಲ್ಲರಿಗೂ ಒಂದೇ ನಿಯಮ ಮಾಡಿ.’ ಬರೀ ‘ಸೈತಾನ್ ಬೇಡ’ ಅಂದರೆ ಒರಟಾಗುತ್ತದೆ, ಹೀಗಂದರೆ ನ್ಯಾಯವಾಗಿ ಕೇಳಿಸುತ್ತದೆ ಅಂತ ನನ್ನ ಲೆಕ್ಕ. ಚಪ್ಪಾಳೆ ಬಿತ್ತು. ಹೊರಗೆ ಬಂದಾಗ ಒಬ್ಬರು ಕೈಕುಲುಕಿ, ‘ನೀವು ಯಾವ ಚರ್ಚಿಗೆ ಹೋಗುತ್ತೀರಿ?’ ಅಂತ ಕೇಳಿದರು.

ನಾನು ಎಡವಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲೇ ನಿಂತಿದ್ದೀರಿ. ಶಾಲೆಯವರು ಒಳ್ಳೆಯದು ಕೆಟ್ಟದ್ದು ನೋಡಿ ಕೆಟ್ಟದ್ದನ್ನು ಮಾತ್ರ ಹೊರಗಿಡಬಹುದು ಅಂದುಕೊಂಡಿದ್ದೆ. ಅವರಿಗೆ ಆ ಅಧಿಕಾರವೇ ಇಲ್ಲ. ತರಗತಿ ಮುಗಿದ ಮೇಲೆ ಹೊರಗಿನ ಗುಂಪುಗಳಿಗೆ ಒಮ್ಮೆ ಬಾಗಿಲು ತೆರೆದರೆ, ಅವರ ನಂಬಿಕೆ ಇಷ್ಟವಿಲ್ಲ ಅನ್ನುವ ಕಾರಣಕ್ಕೆ ಒಬ್ಬರನ್ನು ತಡೆಯುವಂತಿಲ್ಲ. ಇದು ಅಮೆರಿಕದ ಸುಪ್ರೀಂ ಕೋರ್ಟಿನ 2001ರ ತೀರ್ಪು. ಆ ಕೇಸು ಹಾಕಿದ್ದು ಯಾರು ಗೊತ್ತಾ? ಮಕ್ಕಳಿಗೆ ಬೈಬಲ್ ಹೇಳಿಕೊಡುವ ‘ಗುಡ್ ನ್ಯೂಸ್ ಕ್ಲಬ್’. ನ್ಯೂಯಾರ್ಕ್ ರಾಜ್ಯದ ಮಿಲ್ಫರ್ಡ್ ಅನ್ನುವ ಊರಿನ ಶಾಲೆ ಅವರಿಗೆ ಜಾಗ ಕೊಡಲಿಲ್ಲ. ಅವರು 6-3ರಲ್ಲಿ ಗೆದ್ದರು. ಅವರು ಗೆದ್ದ ಅದೇ ಬಾಗಿಲಿನಿಂದ 2016ರಲ್ಲಿ ಸೈತಾನ್ ಕ್ಲಬ್ ಒಳಗೆ ಬಂತು. ಬೇರೆ ಧಾರ್ಮಿಕ ಕ್ಲಬ್ ನಡೆಯುತ್ತಿರುವ ಶಾಲೆಗಳಿಗೆ ಮಾತ್ರ ಹೋಗುತ್ತೇವೆ ಅಂತಲೂ ಸೈತಾನ್ ಕ್ಲಬ್ಬಿನವರು ಹೇಳುತ್ತಾರೆ.

ಹಾಗಾಗಿ ಬೋರ್ಡಿಗೆ ಇದ್ದದ್ದು ಎರಡೇ ದಾರಿ. ಎಲ್ಲರಿಗೂ ಕೊಡು, ಇಲ್ಲವೇ ಯಾರಿಗೂ ಕೊಡಬೇಡ. ನಾನು ಮೈಕ್ ಹಿಡಿದು ಎರಡನೆಯದನ್ನು ಅವರ ಬಾಯಿಗೆ ಇಟ್ಟಿದ್ದೆ! ‘ನಮ್ಮದು ಭಾಷೆ, ಧರ್ಮ ಅಲ್ಲವಲ್ಲ’ ಅನ್ನುವ ಧೈರ್ಯ ಬೇರೆ. ಗಣೇಶನ ಹಬ್ಬದ ಬಾಡಿಗೆ ಫಾರಂನಲ್ಲಿ ‘ಧಾರ್ಮಿಕ ಕಾರ್ಯಕ್ರಮ’ ಅಂತ ಟಿಕ್ ಮಾಡಿ ಸಹಿ ಹಾಕಿದ್ದವನೂ ನಾನೇ. ಆ ಫಾರಂ ಹಿಂದಿನ ನಿಯಮಗಳನ್ನು ಒಂದು ಸಲವೂ ಓದಿರಲಿಲ್ಲ. ಕೊನೆಗೆ ಅದೂ ಲೆಕ್ಕಕ್ಕೆ ಬರಲಿಲ್ಲ ಬಿಡಿ. ಬೋರ್ಡಿನವರು ಭಾಷೆ, ಧರ್ಮ, ಸ್ಕೌಟ್ಸ್ ಅಂತ ಯಾವ ಭೇದವನ್ನೂ ಮಾಡದೆ ಹೊರಗಿನವರಿಗೆಲ್ಲ ಬಾಗಿಲು ಹಾಕಿದರು.

ಕ್ಲಾಸು ಕೆಲವು ತಿಂಗಳು ನಮ್ಮ ಬೇಸ್‌ಮೆಂಟಿನಲ್ಲಿ ನಡೆಯಿತು. ಆಮೇಲೆ ಒಂದು ಚರ್ಚಿನವರು ಹಾಲ್ ಕೊಟ್ಟರು. ಒಳ್ಳೆಯ ಜನ, ಆದರೆ ಮೂರ್ತಿ ಇಡುವಂತಿಲ್ಲ, ಪೂಜೆ ಮಾಡುವಂತಿಲ್ಲ ಅಂದರು. ಅದು ಅವರ ಸ್ವಂತ ಜಾಗ, ಹಾಗನ್ನುವ ಹಕ್ಕು ಅವರಿಗಿದೆ. ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟರು. ಕಲಿಸುತ್ತಿದ್ದ ಮೈಸೂರಿನ ಮೇಡಂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇಷ್ಟೆಲ್ಲ ಆದಮೇಲೆ ಈ ಸೈತಾನ್ ಕ್ಲಬ್ ನಡೆಸುವವರು ಯಾರು ಅಂತ ಓದಿದೆ. ಇದು ‘ದಿ ಸೇಟಾನಿಕ್ ಟೆಂಪಲ್’ ಅನ್ನುವ ಸಂಘಟನೆ, ಶುರುವಾದದ್ದು 2013ರಲ್ಲಿ. ಕೇಂದ್ರ ಕಚೇರಿ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ. ಹಿಂದೆ ಮಾಟಗಾತಿಯರು ಅಂತ ಹೇಳಿ ಜನರನ್ನು ನೇಣಿಗೆ ಹಾಕಿದರಲ್ಲ, ಅದೇ ಸೇಲಂ. ಆಂಟನ್ ಲವೇ 1966ರಲ್ಲಿ ಕಟ್ಟಿದ ‘ಚರ್ಚ್ ಆಫ್ ಸೇಟನ್’ ಬೇರೆ, ಇವರು ಬೇರೆ. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಟೆಂಪಲ್‌ನವರು ದೇವರನ್ನೂ ನಂಬುವುದಿಲ್ಲ, ದೆವ್ವವನ್ನೂ ನಂಬುವುದಿಲ್ಲ. ಸೈತಾನ ಅವರಿಗೆ ದೊಡ್ಡವರ ಮಾತಿಗೆ ತಲೆಬಾಗದವನ ಸಂಕೇತ, ಅಷ್ಟೇ. ಏಳು ತತ್ವಗಳಿವೆ: ಕರುಣೆ ಇರಲಿ, ನಿನ್ನ ದೇಹದ ಮೇಲೆ ಹಕ್ಕು ನಿನ್ನದೇ, ನಂಬಿಕೆ ವಿಜ್ಞಾನಕ್ಕೆ ಹೊಂದಲಿ, ಹೀಗೆ. 2019ರಲ್ಲಿ ಅಮೆರಿಕದ ತೆರಿಗೆ ಇಲಾಖೆ ಇವರನ್ನು ಚರ್ಚ್ ಅಂತಲೇ ಒಪ್ಪಿಕೊಂಡಿತು. ಕ್ಲಬ್ಬಿನಲ್ಲಿ ಮಾಡಿಸುವುದು ವಿಜ್ಞಾನದ ಆಟ, ಒಗಟು, ಕರಕುಶಲ.

ನನಗೆ ಅವರ ಶೈಲಿ ಈಗಲೂ ಹಿಡಿಸುವುದಿಲ್ಲ. ಬೇಕಂತಲೇ ಕೆಣಕುತ್ತಾರೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ‘ದೇವರನ್ನು ನಂಬುವವರು ಒಂದು ಕಡೆ, ಇವರು ಇನ್ನೊಂದು ಕಡೆ’ ಅನ್ನುವ ಎಣಿಕೆ ಇದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಒಕ್ಲಹೋಮಾದ ಕಥೆ ಕೇಳಿ. 2012ರಲ್ಲಿ ಅಲ್ಲಿನ ಶಾಸನಸಭೆಯ ಆವರಣದಲ್ಲಿ ಬೈಬಲಿನ ಹತ್ತು ಆಜ್ಞೆಗಳ ಕಲ್ಲು ನಿಲ್ಲಿಸಿದರು. ಹಾಗಾದರೆ ಆಡಿನ ತಲೆಯ ನಮ್ಮ ಬ್ಯಾಫೊಮೆಟ್ ಮೂರ್ತಿಗೂ ಜಾಗ ಕೊಡಿ ಅಂತ ಟೆಂಪಲ್‌ನವರು ಕೇಳಿದರು. ಅದೇ ಹೊತ್ತಿಗೆ ನಮ್ಮ ಹನುಮಂತನ ಮೂರ್ತಿಗೂ ಕೊಡಿ ಅಂತ ಕೇಳಿದ್ದು ರಾಜನ್ ಜೆಡ್ ಅವರ ಹಿಂದೂ ಸಂಘಟನೆ! 2007ರ ಜುಲೈನಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಮೊದಲ ಹಿಂದೂ ಪ್ರಾರ್ಥನೆ ಹೇಳಿದ್ದೂ ಇದೇ ಜೆಡ್. ಗ್ಯಾಲರಿಯಿಂದ ಕೆಲವರು ಕೂಗಿ ಅಡ್ಡಿ ಮಾಡಿದ್ದರು. ಅವರು ಸೈತಾನನ ಕಡೆಯವರಲ್ಲ, ಕ್ರೈಸ್ತರು. ಕೊನೆಗೆ 2015ರಲ್ಲಿ ಒಕ್ಲಹೋಮಾ ರಾಜ್ಯದ ಸುಪ್ರೀಂ ಕೋರ್ಟ್ ಹತ್ತು ಆಜ್ಞೆಗಳ ಕಲ್ಲನ್ನೇ ತೆಗೆಸಿತು. ಹನುಮಂತನೂ ನಿಲ್ಲಲಿಲ್ಲ, ಬ್ಯಾಫೊಮೆಟ್ಟೂ ನಿಲ್ಲಲಿಲ್ಲ.

ನಿಮ್ಮ ಶಾಲೆ ಸುಮ್ನೆ ‘ಇಲ್ಲ’ ಅಂದುಬಿಡಬಹುದಲ್ಲ ಅನ್ನಿಸಬಹುದು. ನಿಮ್ಮ ರಾಜ್ಯದಲ್ಲೇ ಸಾಕನ್ ವ್ಯಾಲಿ ಶಾಲಾ ಜಿಲ್ಲೆ (ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಹಾಗೆ ಮಾಡಿ ನೋಡಿತು. ಮೊದಲು ಅನುಮತಿ ಕೊಟ್ಟು, ಬೆದರಿಕೆ ಬಂದ ಮೇಲೆ ಹಿಂದಕ್ಕೆ ಪಡೆಯಿತು. 2023ರ ಮೇ ತಿಂಗಳಲ್ಲಿ ಫೆಡರಲ್ ಜಡ್ಜ್ ಕ್ಲಬ್ಬಿಗೆ ಜಾಗ ಕೊಡಿ ಅಂದರು. ರಾಜಿಯಲ್ಲಿ ಜಿಲ್ಲೆ 2 ಲಕ್ಷ ಡಾಲರ್ ವಕೀಲರ ಖರ್ಚು ಕಟ್ಟಬೇಕಾಯಿತು.

ಮಗನನ್ನು ಕ್ಲಬ್ಬಿಗೆ ಕಳಿಸುವುದು ಬೇಡ ಅಂದರೆ ಕಳಿಸಬೇಡಿ. ಪೋಷಕರ ಒಪ್ಪಿಗೆ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ, ಅಲ್ಲಿಗೆ ಆ ವಿಷಯ ಮುಗಿಯಿತು. ಆದರೆ ನೀವು ಹೇಳಿದ ಹಾಗೆ ಸುಮ್ಮನಿರುವುದೂ ಸರಿಯಲ್ಲ ಅನ್ನುತ್ತೇನೆ ನಾನು. ಮೀಟಿಂಗಿಗೆ ಹೋಗಿ, ‘ಬಾಗಿಲು ಎಲ್ಲರಿಗೂ ತೆರೆದಿರಲಿ’ ಅಂತ ಹೇಳಿ ಬನ್ನಿ. ಸೈತಾನನ ಹೆಸರನ್ನೂ ಎತ್ತಬೇಕಾಗಿಲ್ಲ. ಪಕ್ಕದ ಮನೆಯವರು ಮುಖ ತಿರುಗಿಸಿದರೆ ತಿರುಗಿಸಲಿ.

ಅದಕ್ಕೂ ಮೊದಲು ನಿಮ್ಮ ಶಾಲಾ ಜಿಲ್ಲೆಯ ವೆಬ್‌ಸೈಟಿನಲ್ಲಿ ಕಟ್ಟಡ ಬಳಕೆಯ ನಿಯಮ ಓದಿ. ಪೆನ್ಸಿಲ್ವೇನಿಯಾದಲ್ಲಿ ಹೆಚ್ಚಾಗಿ ಅದು 707ನೇ ಪಾಲಿಸಿ. ನಿಮ್ಮ ಊರಿನ ಕನ್ನಡ ಕೂಟವೋ, ದೇವಸ್ಥಾನದವರೋ ಶಾಲೆಯ ಹಾಲ್ ಬಾಡಿಗೆಗೆ ಹಿಡಿಯುತ್ತಿದ್ದರೆ ಅವರಿಗೆ ಇವತ್ತೇ ಫೋನ್ ಮಾಡಿ. ಅವರಲ್ಲಿ ಯಾರಾದರೂ ಆಗಲೇ ಅರ್ಜಿಗೆ ಸಹಿ ಹಾಕಿರಬಹುದು.